ರೋಮ್ ನಗರದ ನೆಲಮಟ್ಟ ಏರಿದ ಬಗೆ

ರೋಮ್‌ನ ಫೋರಮ್‌ನಲ್ಲಿರುವ (ಅಂದರೆ ಪ್ರಾಚೀನ ನಗರದ ಮುಖ್ಯ ಚೌಕದಲ್ಲಿರುವ), ಸಮ್ರಾಟ ಆಂಟೋನಿನಸ್ ಮತ್ತು ಅವನ ಪತ್ನಿ ಫೌಸ್ಟಿನಾರ ದೇವಾಲಯದ ಬಾಗಿಲಿನಿಂದಲೇ ಈ ವಿಷಯವನ್ನು ಆರಂಭಿಸುವುದು ಒಳ್ಳೆಯದು. ಕ್ರಿ.ಶ. 141ರ ಸುಮಾರಿಗೆ ಕಟ್ಟಲಾರಂಭಿಸಿದ ಈ ದೇವಾಲಯ ಮುಂದೆ ಚರ್ಚ್ ಆಯಿತು. 1602ರ ಹೊತ್ತಿಗೆ ಅದನ್ನು ನವೀಕರಿಸಿದವರು ಅಂದಿನ ನೆಲಕ್ಕೆ ಹೊಂದುವಂತೆ ಬಾಗಿಲನ್ನಿಟ್ಟರು. ಆಗ ಫೋರಮ್ ದನ ಮೇಯುವ ಬಯಲಾಗಿತ್ತು, ಅದರ ಹೆಸರೂ ‘ಕಾಂಪೊ ವಾಚ್ಚಿನೊ’, ಅಂದರೆ ದನದ ಬಯಲು ಎಂದೇ ಇತ್ತು. ತರುವಾಯದ ಉತ್ಖನನದಲ್ಲಿ ಮಣ್ಣು ತೆಗೆದಾಗ ಪ್ರಾಚೀನ ಮೆಟ್ಟಿಲುಗಳು ಕೆಳಗೆ ಕಾಣಿಸಿಕೊಂಡವು. ಹಸಿರುಗಟ್ಟಿದ ಆ ಕಂಚಿನ ಬಾಗಿಲು ಮಾತ್ರ ಅವುಗಳಿಂದ ಹಲವು ಮೀಟರ್ ಮೇಲೆ, ಯಾರೂ ಹೆಜ್ಜೆಯಿಡಲಾಗದ ಎತ್ತರದಲ್ಲಿ ಉಳಿದುಬಿಟ್ಟಿತು.

ನಮ್ಮಲ್ಲಿ ಹಲವರು ಗಾಳಿ ತಂದ ಧೂಳಿನಿಂದಲೇ ಇಷ್ಟೆಲ್ಲ ಆಯಿತೆಂದು ಭಾವಿಸುತ್ತೇವೆ. ಟೈಬರ್ ನದಿಯ ಪ್ರವಾಹಗಳು ತಗ್ಗು ಪ್ರದೇಶಗಳಲ್ಲಿ ಹೂಳು ತುಂಬಿದ್ದು ನಿಜ. ಆದರೆ ದೊಡ್ಡ ಕಾರಣ ಮನುಷ್ಯರ ಕೆಲಸವೇ: ಬಿದ್ದ ಅಥವಾ ಸುಟ್ಟ ಕಟ್ಟಡದ ಅವಶೇಷವನ್ನು ಗಾಡಿಗಳಲ್ಲಿ ಊರಾಚೆ ಸಾಗಿಸುವುದಕ್ಕಿಂತ ಅಲ್ಲೇ ಹರಡಿ, ಸಮ ಮಾಡಿ, ಅದರ ಮೇಲೆ ಹೊಸ ಗೋಡೆ ಎಬ್ಬಿಸುವುದು ಅಗ್ಗ. ನಮ್ಮ ಹಾಳೂರುಗಳ ದಿಬ್ಬಗಳು ಬೆಳೆದದ್ದೂ ಬಹುಮಟ್ಟಿಗೆ ಹೀಗೆಯೇ.

ರೋಮ್‌ನ ಸಾನ್ ಕ್ಲೆಮೆಂಟೆ ಚರ್ಚಿನಲ್ಲಿ ಇದನ್ನು ಮೆಟ್ಟಿಲಿಳಿದೇ ನೋಡಬಹುದು. ಮೇಲಿರುವುದು 12ನೇ ಶತಮಾನದ ಚರ್ಚ್. ಅದರ ಕೆಳಗೆ 4ನೇ ಶತಮಾನದ ಚರ್ಚಿದೆ. ಅದನ್ನು ಕೆಡವಿ ಸಾಗಿಸದೆ, ಒಳಗೆ ಅವಶೇಷ ತುಂಬಿ ಹೊಸದಕ್ಕೆ ತಳಪಾಯವಾಗಿಸಿದರು. ಇನ್ನೂ ಕೆಳಗೆ ರೋಮನ್ ಕಾಲದ ಕಟ್ಟಡಗಳೂ ರೋಮನ್ನರು ಪೂಜಿಸುತ್ತಿದ್ದ ಮಿತ್ರಾಸ್ ಎಂಬ ದೇವರ ಗುಡಿಯೂ ಇವೆ, ಅಲ್ಲಿ ಇಂದಿಗೂ ನೀರು ಹರಿಯುವ ಸದ್ದು ಕೇಳಿಸುತ್ತದೆ. 1857ರಲ್ಲಿ ಪಾದ್ರಿ ಜೋಸೆಫ್ ಮುಲೂಲಿ ಅಗೆಯಲು ತೊಡಗುವವರೆಗೆ ಕೆಳಗಿನ ಚರ್ಚ್ ಮರೆತೇ ಹೋಗಿತ್ತು.

ನೆಲಮಟ್ಟ ಎಲ್ಲೆಡೆ ಏರುತ್ತಲೇ ಹೋಯಿತೆಂದು ಬರೆದರೆ ತಪ್ಪಾಗುತ್ತದೆ. ಸಮ್ರಾಟ ಟ್ರಾಜನ್‌ನ ಕ್ರಿ.ಶ. 113ರ ಸ್ತಂಭದ ಬುಡದ ಶಾಸನವು, ಅಲ್ಲಿನ ಕಟ್ಟಡಗಳ ಕಾಮಗಾರಿಗಾಗಿ ಎಷ್ಟು ಎತ್ತರದ ಗುಡ್ಡವನ್ನು ತೆಗೆಯಲಾಯಿತೆಂಬುದನ್ನು ತೋರಿಸಲು ಸ್ತಂಭ ನಿಲ್ಲಿಸಿದ್ದಾಗಿ ಹೇಳುತ್ತದೆ. ಒಂದೆಡೆ ತುಂಬಿ, ಇನ್ನೊಂದೆಡೆ ಕಡಿದ ಇಂಥ ನಗರದಲ್ಲಿ ಆಳವೊಂದನ್ನೇ ಅಳೆದು ಕಾಲ ನಿರ್ಣಯಿಸಲಾಗದು. ಆದ್ದರಿಂದಲೇ ಪುರಾತತ್ವಜ್ಞರು ಪದರದಲ್ಲಿ ಸಿಗುವ ನಾಣ್ಯ, ಮಡಕೆಯ ಚೂರು ಮತ್ತು ಇಟ್ಟಿಗೆಯ ಮುದ್ರೆಗಳನ್ನು ಹುಡುಕುತ್ತಾರೆ. ರೋಮ್‌ನ ಕೆಲವು ಇಟ್ಟಿಗೆಗಳ ಮೇಲೆ ಅವು ತಯಾರಾದ ವರ್ಷದ ಕಾನ್ಸಲ್‌ಗಳ, ಅಂದರೆ ಆ ವರ್ಷದ ಉನ್ನತ ಅಧಿಕಾರಿಗಳ ಹೆಸರೇ ಒತ್ತಿರುತ್ತದೆ.