ಮರಗಳ ಎಲೆತೊಟ್ಟು: ರಚನೆ ಮತ್ತು ಕೆಲಸ

ಎಲೆತೊಟ್ಟು ಎಂದರೆ ಎಲೆಯ ಅಲಗನ್ನು ಕಾಂಡಕ್ಕೆ ಸೇರಿಸುವ ಭಾಗ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಅದರ ರಚನೆ ಅರ್ಥವಾಗಬೇಕಾದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಷ್ಟು ಸಪೂರ ತೊಟ್ಟು ಅಲಗಿನ ಭಾರಕ್ಕೆ ಜೋತುಬೀಳದೆ, ಜೋರು ಗಾಳಿಗೆ ಮುರಿಯದೆ ಉಳಿಯುವುದು ಹೇಗೆ?

ಒಂದು ಮಾವಿನೆಲೆ ತೆಗೆದುಕೊಳ್ಳಿ. ತೊಟ್ಟಿನ ಬುಡ ಉಬ್ಬಿದೆ, ಮೇಲ್ಭಾಗದಲ್ಲಿ ಉದ್ದಕ್ಕೂ ಸಣ್ಣ ತೋಡು ಇದೆ. ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ಇಂಥ ತೊಟ್ಟನ್ನು ಅಡ್ಡಲಾಗಿ ತೆಳುವಾಗಿ ಕೊಯ್ದು ಸ್ಯಾಫ್ರಾನಿನ್ ಎಂಬ ಬಣ್ಣ ಹಾಕಿ ನೋಡಿದರೆ ನೀರು ಸಾಗಿಸುವ ಅಂಗಾಂಶವಾದ ಕ್ಸೈಲಂ ಕೆಂಪಾಗಿ ಎದ್ದು ಕಾಣುತ್ತದೆ. ಹೊರಚರ್ಮದ ಕೆಳಗೆ ಸಾಮಾನ್ಯವಾಗಿ ಕೋಲೆಂಕೈಮಾ ಎಂಬ ಆಧಾರ ಕೊಡುವ ಅಂಗಾಂಶ ಇರುತ್ತದೆ. ಅದರ ಕೋಶಭಿತ್ತಿ ದಪ್ಪ, ಆದರೂ ಬಾಗುತ್ತದೆ. ನಾಳಕೂರ್ಚಗಳು, ಅಂದರೆ ಕ್ಸೈಲಂ ಮತ್ತು ಆಹಾರ ಸಾಗಿಸುವ ಫ್ಲೋಯಂ ಸೇರಿದ ಕಟ್ಟುಗಳು, ಕೆಲವು ಮರಗಳಲ್ಲಿ ಕಮಾನಿನ ಆಕಾರದಲ್ಲಿ, ಇನ್ನು ಕೆಲವುಗಳಲ್ಲಿ ಪೂರ್ತಿ ಉಂಗುರವಾಗಿ ಇರುತ್ತವೆ. ಕಮಾನಿನಲ್ಲಿ ಕ್ಸೈಲಂ ಮೇಲೆ, ಫ್ಲೋಯಂ ಕೆಳಗೆ. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಕಾಂಡದಲ್ಲಿ ಕ್ಸೈಲಂ ಒಳಗೆ, ಫ್ಲೋಯಂ ಹೊರಗೆ ಇರುತ್ತದಲ್ಲವೇ? ಅದೇ ಕೂರ್ಚ ಎಲೆಯ ಕಡೆ ಬಾಗಿದಾಗ ಒಳಬದಿ ಮೇಲಾಗುತ್ತದೆ, ಅಷ್ಟೇ.

ಈಗ ತೋಡಿಗೆ ಬರೋಣ. ಒಂದು ಕಾಗದವನ್ನು ಉದ್ದಕ್ಕೆ ಸ್ವಲ್ಪ ದೋಣಿಯಾಗಿ ಮಡಿಸಿ ಒಂದು ತುದಿಯಲ್ಲಿ ಹಿಡಿಯಿರಿ: ಅದು ಕೆಳಗೆ ಬಾಗುವುದಿಲ್ಲ, ಆದರೆ ತಿರುಚಿದರೆ ಸುಲಭವಾಗಿ ತಿರುಚುತ್ತದೆ. ತೋಡುಳ್ಳ ತೊಟ್ಟಿನ ಗುಣವೂ ಇದೇ. ಭಾರ ಹೊರುವ ದಿಕ್ಕಿನಲ್ಲಿ ಬಿಗಿ, ತಿರುಚುವ ದಿಕ್ಕಿನಲ್ಲಿ ಸಡಿಲ. ಗಾಳಿ ಬಂದಾಗ ಅಲಗು ತಿರುಗಿ, ಎಷ್ಟೋ ಎಲೆಗಳಲ್ಲಿ ಸುರುಳಿಯೂ ಆಗಿ, ತನ್ನ ಮೇಲಿನ ಒತ್ತಡ ಇಳಿಸಿಕೊಳ್ಳುತ್ತದೆ. ಅರಳಿಯಲ್ಲಿ ತೊಟ್ಟು ಉದ್ದ ಮತ್ತು ಸಪೂರ, 10 ಸೆಂ.ಮೀ. ಉದ್ದದ್ದು ಅಪರೂಪವಲ್ಲ. ಬೇರೆ ಮರಗಳು ಸುಮ್ಮನಿದ್ದಾಗಲೂ ಅರಳಿ ಅಲುಗುವುದಕ್ಕೆ ಇದೇ ಕಾರಣ.

ತೊಟ್ಟಿನ ಬುಡದ ಉಬ್ಬನ್ನೂ ಮರೆಯಬೇಡಿ. ಮಳೆಮರದಲ್ಲಿ ಈ ಉಬ್ಬಿನ ಹೆಸರು ಪಲ್ವೈನಸ್. ಅದರ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಬಿದ್ದರೆ ನೀರೂ ಹಿಂದೆಯೇ ಹೋಗುತ್ತದೆ, ಆ ಬದಿ ಕುಗ್ಗುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಕಿರುಎಲೆಗಳ ಬುಡದಲ್ಲೂ ಇಂಥದೇ ಉಬ್ಬುಗಳಿವೆ.

ಎಲೆ ಉದುರುವುದೂ ತೊಟ್ಟಿನ ಬುಡದಲ್ಲೇ ತೀರ್ಮಾನವಾಗುತ್ತದೆ, ನನಗೆ ಈ ಪಾಠದಲ್ಲಿ ಅತಿ ಇಷ್ಟವಾದ ಭಾಗ ಇದು. ಅಲ್ಲಿ ಚಿಕ್ಕ ಕೋಶಗಳ ಬೇರ್ಪಡುವ ಪದರ ಇರುತ್ತದೆ. ಅಲಗಿನಿಂದ ಆಕ್ಸಿನ್ ಎಂಬ ಸಸ್ಯ ಹಾರ್ಮೋನು ಹರಿದು ಬರುತ್ತಿರುವವರೆಗೆ ಪದರ ತೆಪ್ಪಗಿರುತ್ತದೆ. ಎಲೆ ಹಳತಾಗಿ ಆಕ್ಸಿನ್ ಕಡಿಮೆಯಾದಾಗ ಇನ್ನೊಂದು ಹಾರ್ಮೋನಾದ ಎಥಿಲೀನ್‌ನ ಪ್ರಭಾವ ಹೆಚ್ಚಿ, ಕಿಣ್ವಗಳು ಕೋಶಗಳ ನಡುವಿನ ಅಂಟನ್ನು ಕರಗಿಸುತ್ತವೆ. ಕೋಲಿಯಸ್ ಗಿಡದಲ್ಲಿ ಅಲಗನ್ನಷ್ಟೇ ಕತ್ತರಿಸಿ ತೊಟ್ಟು ಬಿಟ್ಟರೆ ಕೆಲವೇ ದಿನಗಳಲ್ಲಿ ತೊಟ್ಟೂ ಬೀಳುತ್ತದೆ. ಕತ್ತರಿಸಿದ ತುದಿಗೆ ಆಕ್ಸಿನ್ ಹಚ್ಚಿದರೆ ತಡವಾಗಿ ಬೀಳುತ್ತದೆ. ಬಿದ್ದ ಜಾಗವನ್ನು ಸುಬೆರಿನ್ ಎಂಬ ನೀರು ತಡೆಯುವ ವಸ್ತುವಿನ ಬೆಂಡಿನಂಥ ಪದರ ಮುಚ್ಚುತ್ತದೆ. ದೇವಕಣಗಿಲೆಯ ಕೊಂಬೆಯ ಮೇಲಿನ ದೊಡ್ಡ ಗುರುತುಗಳೆಲ್ಲ ಹೀಗೆ ಬಿದ್ದ ತೊಟ್ಟುಗಳ ಜಾಗ.

ಕೊನೆಗೆ, ಪರೀಕ್ಷೆಯಲ್ಲಿ ಗೊಂದಲ ಮಾಡುವ ಎರಡು ಉದಾಹರಣೆ. ಕಿತ್ತಳೆ ಜಾತಿಯ ಗಿಡಗಳ ತೊಟ್ಟಿಗೆ ರೆಕ್ಕೆ ಇರಬಹುದು. ರಸ್ತೆಬದಿಯ ಅಕೇಶಿಯಾದಲ್ಲಿ ಎಲೆಯೆಂದು ಕಾಣುವುದು ಚಪ್ಪಟೆಯಾದ ತೊಟ್ಟು, ಅಂದರೆ ಫಿಲ್ಲೋಡ್. ನಂಬಿಕೆ ಬರದಿದ್ದರೆ ಅದರ ಎಳೆಯ ಸಸಿ ಹುಡುಕಿ. ಮೊದಲ ಕೆಲವು ಎಲೆಗಳಲ್ಲಿ ಸಣ್ಣ ಕಿರುಎಲೆಗಳೂ ಅವನ್ನು ಹೊತ್ತ ತೊಟ್ಟೂ ಬೇರೆಬೇರೆಯಾಗಿ ಕಾಣುತ್ತವೆ.