ಓದಲು ಬಾರದ ಕಂಪ್ಯೂಟರ್ ಹಳೆಯ ಹಾಳೆಗಳನ್ನು ಜೋಡಿಸುವುದು ಹೇಗೆ?

ಪ್ರಶ್ನೆ: ಚೂರುಚೂರಾದ ಹಳೆಯ ಹಸ್ತಪ್ರತಿಗಳನ್ನು ಈಗ ಕಂಪ್ಯೂಟರ್ ಜೋಡಿಸುತ್ತದಂತೆ. ಹಾಗಾದರೆ ಅದಕ್ಕೆ ಆ ಹಳೆಯ ಭಾಷೆಗಳು ಬರುತ್ತವೆಯೇ?

ಇಲ್ಲ. ಬರಲೇಬೇಕು ಅಂತಲೂ ಇಲ್ಲ. ನಿಮಗೆ ಗೊತ್ತಿಲ್ಲದ ಲಿಪಿಯಲ್ಲಿರುವ ಎರಡು ಪತ್ರ ಕೈಗೆ ಕೊಟ್ಟರೆ, ಒಂದಕ್ಷರ ಓದಲಾಗದಿದ್ದರೂ ‘ಎರಡೂ ಒಬ್ಬರದೇ ಬರಹ’ ಎಂದು ಗುರುತಿಸಬಹುದು, ಅಲ್ವಾ? ಕಂಪ್ಯೂಟರ್ ಮಾಡುವುದೂ ಇದೇ ಕೆಲಸ. ಆದರೆ ದಣಿಯದೆ ಮಾಡುತ್ತದೆ.

ದಣಿವಿನ ಮಾತು ಸುಮ್ನೆ ಹೇಳಿದ್ದಲ್ಲ. ಹಳೆ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದು ಕೋಣೆಯಿತ್ತು. ದೇವರ ಹೆಸರಿರುವ ಹಾಳೆಯನ್ನು ಎಸೆಯಬಾರದು ಎಂದು ಯಹೂದಿಗಳು ಸವೆದ ಪುಸ್ತಕಗಳನ್ನು ಶತಮಾನಗಳ ಕಾಲ ಅಲ್ಲಿ ಹಾಕುತ್ತಾ ಬಂದರು. ಜೊತೆಗೆ ಪತ್ರ, ಲೆಕ್ಕಪತ್ರಗಳೂ ಸೇರಿದವು. 1896-97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಒಯ್ದರು. ಉಳಿದದ್ದು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೆ ಹಂಚಿಹೋಯಿತು. ಹೀಗಾಗಿ ಒಂದೇ ಪುಸ್ತಕದ ಹಾಳೆಗಳು ಎರಡು ಮೂರು ಊರುಗಳಲ್ಲಿವೆ. ತುಣುಕುಗಳು ಮೂರು ಲಕ್ಷ ಎಂದುಕೊಂಡರೂ, ಪ್ರತಿಯೊಂದನ್ನೂ ಉಳಿದೆಲ್ಲದರ ಪಕ್ಕ ಇಟ್ಟು ನೋಡಲು ಸುಮಾರು 4,500 ಕೋಟಿ ಜೋಡಿಗಳಾಗುತ್ತವೆ. ಜೋಡಿಗೆ ಒಂದು ನಿಮಿಷ ಅಂದರೂ 85 ಸಾವಿರ ವರ್ಷ ಬೇಕು!

ಅಂಚುಗಳನ್ನು ಹೊಂದಿಸಿ ನೋಡಿದರೆ ಸಾಲದೇ? ಅಂಚು ಉಳಿದಿದ್ದರೆ ತಾನೇ! ಸವೆದು, ಹುಳು ತಿಂದು ಅವುಗಳ ಆಕಾರವೇ ಹೋಗಿರುತ್ತದೆ. ಅದಕ್ಕೇ ಟೆಲ್ ಅವೀವ್ ವಿಶ್ವವಿದ್ಯಾಲಯದ ಲಿಯೊರ್ ವುಲ್ಫ್ ಮತ್ತು ಜೊತೆಗಾರರು ಕೈಬರಹವನ್ನೇ ಹಿಡಿದರು. ಪ್ರೋಗ್ರಾಮ್ ಮೊದಲು ಫೋಟೋದಲ್ಲಿ ಶಾಯಿಯನ್ನೂ ಹಾಳೆಯನ್ನೂ ಬೇರ್ಪಡಿಸುತ್ತದೆ. ಅಕ್ಷರಗಳ ಸಣ್ಣ ಸಣ್ಣ ಭಾಗಗಳನ್ನು ಆರಿಸಿ, ಗೆರೆ ಎಲ್ಲಿ ಬಾಗಿದೆ, ಎಲ್ಲಿ ದಪ್ಪವಾಗಿದೆ ಎಂಬುದನ್ನು ಸಂಖ್ಯೆಗಳಾಗಿ ಬರೆದುಕೊಳ್ಳುತ್ತದೆ. ಸಾಲುಗಳ ನಡುವಿನ ಅಂತರದಂಥ ಅಳತೆಗಳೂ ಸೇರುತ್ತವೆ. ಸಂಖ್ಯೆಗಳು ಹತ್ತಿರವಿದ್ದರೆ ಆ ಜೋಡಿ ಪಟ್ಟಿಯಲ್ಲಿ ಮೇಲಕ್ಕೆ ಬರುತ್ತದೆ.

ಅಲ್ಲಿಗೆ ಅದರ ಕೆಲಸ ಮುಗಿಯಿತು. ಒಬ್ಬನೇ ಲಿಪಿಕಾರ ಹತ್ತಾರು ಪುಸ್ತಕ ಬರೆದಿರಬಹುದು. ಕೈ ಒಂದೇ ಆದರೂ ಪುಸ್ತಕ ಬೇರೆ. ಇದನ್ನು ಭಾಷೆ ಬಲ್ಲವರೇ ಓದಿ ತೀರ್ಮಾನಿಸಬೇಕು. ‘ಕಂಪ್ಯೂಟರ್ ಹಸ್ತಪ್ರತಿ ಓದಿತು’ ಎಂಬ ತಲೆಬರಹಗಳು ನನಗೆ ಸ್ವಲ್ಪ ಜಾಸ್ತಿಯಾಯಿತು ಅನಿಸುವುದು ಇದಕ್ಕೇ.

ಆದರೂ ಈ ಓದದ ಕಣ್ಣು ಕೆಲವೊಮ್ಮೆ ನಮ್ಮ ಕಣ್ಣಿಗಿಂತ ಚುರುಕು. ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಸುಮಾರು ಎರಡು ಸಾವಿರ ವರ್ಷ ಹಳೆಯ ಯಹೂದಿ ಹಸ್ತಪ್ರತಿಗಳೇ ‘ಮೃತ ಸಮುದ್ರದ ಸುರುಳಿಗಳು’. ಅವುಗಳಲ್ಲಿ ಬೈಬಲ್‌ನ ಪ್ರವಾದಿ ಯೆಶಾಯನ ಗ್ರಂಥವಿರುವ ದೊಡ್ಡ ಸುರುಳಿ ಏಳು ಮೀಟರ್‌ಗೂ ಉದ್ದ, 54 ಕಾಲಂ. ಬರೆದವರು ಒಬ್ಬರೋ ಇಬ್ಬರೋ ಎಂಬ ಜಗಳ ಹಳೆಯದು. ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ತಂಡ ಅದರ ಗೆರೆಗಳನ್ನು ಅಳೆದು 2021ರಲ್ಲಿ ಉತ್ತರ ಕೊಟ್ಟಿತು: ಇಬ್ಬರು. ಸರಿಸುಮಾರು ಅರ್ಧಕ್ಕೆ, 27ನೇ ಕಾಲಂ ಆಸುಪಾಸಿನಲ್ಲಿ ಕೈ ಬದಲಾಗಿದೆ. ಎರಡನೆಯವರು ಮೊದಲಿನವರಂತೆಯೇ ಬರೆದಿದ್ದಾರೆ, ಎಷ್ಟರಮಟ್ಟಿಗೆ ಅಂದರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ.