ಕೆನಡಾದವರಿಗೆ ಅಮೆರಿಕದ ಮೇಲೆ ಸಿಟ್ಟು ಬಂದಿದ್ದು ನಿನ್ನೆ ಮೊನ್ನೆಯಲ್ಲ

2025ರ ಮಾರ್ಚ್ 4ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮದ್ಯದಂಗಡಿಗಳಲ್ಲಿ ಅಮೆರಿಕದ ವಿಸ್ಕಿ, ವೈನ್, ಬಿಯರ್ ಬಾಟಲಿಗಳನ್ನೆಲ್ಲ ಶೆಲ್ಫಿನಿಂದ ತೆಗೆದುಬಿಟ್ಟರು. ಆ ಅಂಗಡಿಗಳು ಪ್ರಾಂತ್ಯ ಸರ್ಕಾರದ ಸಂಸ್ಥೆಯವೇ. ಹಾಗಾಗಿ ಒಂದು ಆದೇಶ ಸಾಕಾಯಿತು. ಆದರೆ ತರಕಾರಿ, ದಿನಸಿ ಕೊಳ್ಳುವವರಿಗೆ ಯಾವ ಆದೇಶವೂ ಇರಲಿಲ್ಲ. ಜನ ತಾವಾಗಿಯೇ ಲೇಬಲ್ ತಿರುಗಿಸಿ, ಇದು ಎಲ್ಲಿಂದ ಬಂದಿದ್ದು ಅಂತ ನೋಡತೊಡಗಿದರು. ಅಮೆರಿಕದ ಪ್ರವಾಸಗಳನ್ನು ಕೈಬಿಟ್ಟರು. ಅಮೆರಿಕಕ್ಕೆ ಕಾರಿನಲ್ಲಿ ಹೋಗಿ ಬರುವ ಕೆನಡಿಯನ್ನರ ಸಂಖ್ಯೆ ಆ ತಿಂಗಳು ಹಿಂದಿನ ವರ್ಷಕ್ಕಿಂತ ಹತ್ತಿರ ಹತ್ತಿರ ಮೂರನೇ ಒಂದರಷ್ಟು ಇಳಿಯಿತು.

ದೂರದಿಂದ ನೋಡುವವರಿಗೆ ಇದು ಟ್ರಂಪ್ ಒಬ್ಬರ ಮೇಲಿನ ಸಿಟ್ಟು ಅನ್ನಿಸುತ್ತದೆ. ಸುಂಕ ಹಾಕಿದರು, ಕೆನಡಾ ನಮ್ಮ 51ನೇ ರಾಜ್ಯ ಆಗಲಿ ಅಂದರು, ಅಲ್ಲಿನ ಪ್ರಧಾನಿಯನ್ನು ಗವರ್ನರ್ ಅಂತ ಕರೆದರು. ಸಿಟ್ಟು ಬರದೆ ಇರುತ್ತದೆಯೇ? ನಿಜ. ಆದರೆ ಅದು ಇಷ್ಟು ಬೇಗ, ಇಷ್ಟು ಒಗ್ಗಟ್ಟಿನಿಂದ ಹೊರಬಂದಿದ್ದು ಹೇಗೆ? ಅದಕ್ಕೆ ಎರಡೂವರೆ ಶತಮಾನ ಹಿಂದಕ್ಕೆ ಹೋಗಬೇಕು. ಇದನ್ನು ಅಮೆರಿಕದ್ವೇಷ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಇದು ಪಕ್ಕದವರು ನಮ್ಮನ್ನು ನುಂಗಿಬಿಡುತ್ತಾರೆ ಅನ್ನುವ ಭಯ. ಆ ಭಯಕ್ಕೆ ಕಾರಣ ಇಲ್ಲದೆ ಇಲ್ಲ.

ಅಮೆರಿಕ ಸ್ವಾತಂತ್ರ್ಯ ಯುದ್ಧ ಶುರುವಾದ ವರ್ಷವೇ, ಅಂದರೆ 1775ರಲ್ಲಿ, ಅಮೆರಿಕದ ಸೈನ್ಯ ಉತ್ತರಕ್ಕೆ ನುಗ್ಗಿ ಮಾಂಟ್ರಿಯಲ್ ಹಿಡಿದಿತ್ತು. ಕ್ವಿಬೆಕ್ ನಗರ ಮಾತ್ರ ಕೈಗೆ ಸಿಗಲಿಲ್ಲ. ಆ ವರ್ಷದ ಕೊನೆಯ ದಿನ ನಡೆದ ದಾಳಿಯಲ್ಲಿ ಅವರ ಜನರಲ್ ಮಾಂಟ್ಗೊಮರಿ ಸತ್ತ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ದೊರೆಯ ಪರ ನಿಂತಿದ್ದ ಸಾವಿರಾರು ಕುಟುಂಬಗಳು ಹೊಲ, ಮನೆ ಕಳೆದುಕೊಂಡು ಉತ್ತರಕ್ಕೆ ಓಡಿಬಂದವು. ಇವರಿಗೆ ಲಾಯಲಿಸ್ಟರು ಅಂತ ಹೆಸರು. ಅವರಿಗಾಗಿಯೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಹೊಸ ಪ್ರಾಂತ್ಯ ಹುಟ್ಟಿತು. ಇಂಗ್ಲಿಷ್ ಮಾತಾಡುವ ಕೆನಡಾದ ತಳಪಾಯ ಹಾಕಿದವರಲ್ಲಿ ಬಹಳಷ್ಟು ಜನ ಅಮೆರಿಕ ಬೇಡ ಅಂತ ಬಂದವರೇ. ಫ್ರೆಂಚ್ ಮಾತಾಡುವವರಿಗೆ ಅವರದೇ ಕಾರಣ ಇತ್ತು. ಬ್ರಿಟನ್ 1774ರ ಕಾಯ್ದೆಯಲ್ಲಿ ಅವರ ಕ್ಯಾಥೊಲಿಕ್ ಧರ್ಮವನ್ನೂ ಫ್ರೆಂಚ್ ಸಿವಿಲ್ ಕಾನೂನನ್ನೂ ಉಳಿಸಿತ್ತು. ಅಮೆರಿಕದ ಕ್ರಾಂತಿಕಾರಿಗಳು ಅದೇ ಕಾಯ್ದೆಯ ಮೇಲೆ ಕೆಂಡ ಕಾರುತ್ತಿದ್ದರು.

1812ರಲ್ಲಿ ಮತ್ತೆ ಯುದ್ಧ. ಆ ವರ್ಷ ಕ್ವಿಬೆಕ್ ಸುತ್ತಮುತ್ತಲವರೆಗೆ ಕೆನಡಾ ಹಿಡಿಯುವುದು ಸುಮ್ನೆ ನಡೆದುಕೊಂಡು ಹೋದಷ್ಟೇ ಸುಲಭ ಎಂಬ ಅರ್ಥದಲ್ಲಿ ಮಾಜಿ ಅಧ್ಯಕ್ಷ ಜೆಫರ್‌ಸನ್ ಬರೆದಿದ್ದರು. ಅಷ್ಟು ಸುಲಭ ಆಗಲಿಲ್ಲ. ಬ್ರಿಟಿಷ್ ಸೈನಿಕರು, ಮೂಲನಿವಾಸಿ ನಾಯಕ ಟೆಕಮ್ಸೆಯ ಜೊತೆಗಿದ್ದ ಯೋಧರು, ಊರಿನ ಮಿಲಿಷಿಯಾ ಸೇರಿ ಅವರನ್ನು ತಡೆದರು. 1813ರಲ್ಲಿ ಅಮೆರಿಕನ್ನರು ಯಾರ್ಕ್ ಪಟ್ಟಣಕ್ಕೆ, ಅಂದರೆ ಇವತ್ತಿನ ಟೊರಾಂಟೊಗೆ, ನುಗ್ಗಿದಾಗ ಅಲ್ಲಿನ ಶಾಸನಸಭೆಯ ಕಟ್ಟಡ ಸುಟ್ಟುಹೋಯಿತು. ಮರುವರ್ಷ ಬ್ರಿಟಿಷರು ವಾಷಿಂಗ್ಟನ್‌ಗೆ ಹೋಗಿ ಶ್ವೇತಭವನಕ್ಕೆ ಬೆಂಕಿ ಇಟ್ಟರು. ಇದನ್ನು ‘ನಾವು ಸುಟ್ಟೆವು’ ಅಂತ ಹೆಮ್ಮೆಯಿಂದ ಹೇಳುವ ಕೆನಡಿಯನ್ನರು ಈಗಲೂ ಇದ್ದಾರೆ. ಅಲ್ಲಿಗೆ ಹೋಗಿದ್ದು ಬ್ರಿಟಿಷ್ ಪಡೆ. ಆದರೂ ಆ ಹೆಮ್ಮೆ ಉಳಿದುಬಂದಿದೆ.

1867ರಲ್ಲಿ ಪ್ರಾಂತ್ಯಗಳು ಸೇರಿ ಒಂದು ದೇಶವಾದದ್ದರ ಹಿಂದೆಯೂ ಇದೇ ಅಂಜಿಕೆ ಕೆಲಸ ಮಾಡಿತ್ತು. ಅಮೆರಿಕ ಅಂತರ್ಯುದ್ಧ ಮುಗಿಸಿ ದೊಡ್ಡ ಸೈನ್ಯ ಇಟ್ಟುಕೊಂಡಿತ್ತು. ಹಳೆಯ ವ್ಯಾಪಾರ ಒಪ್ಪಂದವನ್ನು 1866ರಲ್ಲಿ ರದ್ದು ಮಾಡಿತ್ತು. ಅದೇ ವರ್ಷ ಐರ್ಲೆಂಡಿನ ಬಿಡುಗಡೆಗೆ ಹೋರಾಡುತ್ತಿದ್ದ ಫೀನಿಯನ್ನರು ಅಮೆರಿಕದ ನೆಲದಿಂದ ಗಡಿ ದಾಟಿ ದಾಳಿ ಮಾಡಿದ್ದರು.

ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1911ರ ಚುನಾವಣೆ. ಪ್ರಧಾನಿ ವಿಲ್ಫ್ರಿಡ್ ಲೋರಿಯೆ ಆಗಲೇ 15 ವರ್ಷ ಆಳಿದ್ದರು. ಧಾನ್ಯ, ಮೀನಿನಂಥ ಸರಕಿಗೆ ಎರಡೂ ಕಡೆ ಸುಂಕ ಇಲ್ಲದಂತೆ ಅಮೆರಿಕದ ಜೊತೆ ಒಪ್ಪಂದ ಕುದುರಿಸಿದರು. ಪಶ್ಚಿಮದ ರೈತರು ಬಹಳ ದಿನದಿಂದ ಕೇಳುತ್ತಿದ್ದದ್ದು ಇದನ್ನೇ. ಗೆಲುವು ಖಚಿತ ಅನ್ನುವಂತಿತ್ತು. ಅಷ್ಟರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಚಾಂಪ್ ಕ್ಲಾರ್ಕ್ ಎದ್ದುನಿಂತು ಈ ಒಪ್ಪಂದವನ್ನು ಬೆಂಬಲಿಸಿ ಮಾತಾಡಿದರು. ಉತ್ತರ ಧ್ರುವದವರೆಗೆ ಬ್ರಿಟಿಷ್ ಉತ್ತರ ಅಮೆರಿಕದ ಅಂಗುಲ ಅಂಗುಲದ ಮೇಲೂ ಅಮೆರಿಕದ ಬಾವುಟ ಹಾರುವ ದಿನಕ್ಕೆ ಕಾಯುತ್ತಿದ್ದೇನೆ ಅಂದರು. ಕ್ಲಾರ್ಕ್ ಕೆಲವೇ ವಾರಗಳಲ್ಲಿ ಆ ಸದನದ ಸ್ಪೀಕರ್ ಆಗಲಿದ್ದವರು. ಅಧ್ಯಕ್ಷ ಟಾಫ್ಟ್ ಅಂಥ ಉದ್ದೇಶವೇ ಇಲ್ಲ ಅಂದರೂ ಕೆನಡಾದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾಂಕಿಗಳ, ಅಂದರೆ ಅಮೆರಿಕನ್ನರ, ಜೊತೆ ವ್ಯವಹಾರವೇ ಬೇಡ ಎಂಬ ಕೂಗು ಎದ್ದಿತು. ಸೆಪ್ಟೆಂಬರ್ 21ರಂದು ಲೋರಿಯೆ ಸೋತರು, ಕನ್ಸರ್ವೇಟಿವ್ ಪಕ್ಷದ ರಾಬರ್ಟ್ ಬೋರ್ಡನ್ ಗೆದ್ದರು. ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಸುಂಕದ ರಕ್ಷಣೆಯಲ್ಲಿ ಬೆಳೆದಿದ್ದ ಟೊರಾಂಟೊ, ಮಾಂಟ್ರಿಯಲ್‌ಗಳ ಕಾರ್ಖಾನೆ ಮಾಲೀಕರಿಗೆ ಈ ಒಪ್ಪಂದ ಬೇಡವಾಗಿತ್ತು. ಬಾವುಟದ ಮಾತು ಅವರ ಲಾಭಕ್ಕೂ ಒದಗಿತು. ಜನರ ಭಯ ನಿಜ. ಅದನ್ನು ಬಳಸಿಕೊಂಡವರ ಲೆಕ್ಕಾಚಾರವೂ ನಿಜ. ಮುಂದೆ ಪ್ರತಿ ಸಲವೂ ಇವೆರಡು ಒಟ್ಟಿಗೇ ಕಾಣಿಸುತ್ತವೆ.

ರೇಡಿಯೊ ಬಂದಾಗ ಭಯ ಬೇರೆ ರೂಪ ತಾಳಿತು. ಕೆನಡಾದ ಮೂವರಲ್ಲಿ ಇಬ್ಬರು ಗಡಿಯಿಂದ 100 ಕಿಲೋಮೀಟರ್ ಒಳಗೇ ಇದ್ದಾರೆ. ಅಮೆರಿಕದ ಸ್ಟೇಷನ್‌ಗಳು ಮನೆಯೊಳಗೇ ಕೇಳುತ್ತಿದ್ದವು. ಅದಕ್ಕೆ ಉತ್ತರವಾಗಿ 1936ರಲ್ಲಿ ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ ಹುಟ್ಟಿತು. 1971ರಲ್ಲಿ ಎಎಂ ರೇಡಿಯೊದ ಹಾಡುಗಳಲ್ಲಿ ಶೇ 30ರಷ್ಟು ಕೆನಡಾದವೇ ಇರಬೇಕು ಅಂತ ನಿಯಮ ಬಂತು. ಬರೀ ಭಾಷಣಕ್ಕಿಂತ ಇಂಥ ಕೆಲಸಗಳೇ ಆ ದೇಶವನ್ನು ಜಾಸ್ತಿ ಉಳಿಸಿವೆ ಅನ್ನುವುದು ನನ್ನ ನಂಬಿಕೆ.

ಈ ಭಾವನೆ ಯಾವಾಗಲೂ ಚುನಾವಣೆ ಗೆಲ್ಲಿಸುತ್ತದೆ ಅಂತಲೂ ಇಲ್ಲ. 1963ರಲ್ಲಿ ಕೆನಡಾದಲ್ಲಿ ಇಟ್ಟಿದ್ದ ಅಮೆರಿಕದ ಬೊಮಾರ್ಕ್ ಕ್ಷಿಪಣಿಗಳಿಗೆ ಅಣುಸಿಡಿತಲೆ ಬೇಕೋ ಬೇಡವೋ ಎಂಬ ಜಗಳದಲ್ಲಿ ಪ್ರಧಾನಿ ಡೀಫನ್‌ಬೇಕರ್ ಸರ್ಕಾರ ಬಿತ್ತು. ಅಮೆರಿಕದ ಹಸ್ತಕ್ಷೇಪ ನಡೆದಿದೆ ಅಂತ ಅವರು ಊರೂರು ಸುತ್ತಿ ಹೇಳಿದರೂ ಸೋತರು. ಸಿಡಿತಲೆಗೆ ಒಪ್ಪಿದ್ದ ಲೆಸ್ಟರ್ ಪಿಯರ್ಸನ್ ಗೆದ್ದರು. ಆದರೆ ಎರಡೇ ವರ್ಷಕ್ಕೆ ಅದೇ ಪಿಯರ್ಸನ್ ಫಿಲಡೆಲ್ಫಿಯಾಗೆ ಹೋಗಿ, ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಗೆ ಸ್ವಲ್ಪ ವಿರಾಮ ಕೊಡಿ ಅಂದರು. ಮರುದಿನ ಅಮೆರಿಕದ ಅಧ್ಯಕ್ಷ ಜಾನ್ಸನ್, ಪಿಯರ್ಸನ್‌ರ ಕೋಟಿನ ಕಾಲರ್ ಹಿಡಿದು ಬೈದರು. ಅದೇ ಯುದ್ಧಕ್ಕೆ ಹೋಗಲು ಒಪ್ಪದ ಸಾವಿರಾರು ಅಮೆರಿಕನ್ ಯುವಕರಿಗೆ ಕೆನಡಾ ಜಾಗ ಕೊಟ್ಟಿತು. ವಾಷಿಂಗ್ಟನ್ ಮೇಲೆ ಕೋಪ, ಅಲ್ಲಿಂದ ಬಂದ ಹುಡುಗರಿಗೆ ಆಸರೆ. 1969ರಲ್ಲಿ ಪ್ರಧಾನಿ ಪಿಯರ್ ಟ್ರೂಡೊ ವಾಷಿಂಗ್ಟನ್‌ನಲ್ಲೇ ನಿಂತು ಹೇಳಿದ ಮಾತನ್ನು ಕೆನಡಿಯನ್ನರು ಮರೆತಿಲ್ಲ. ನಿಮ್ಮ ಪಕ್ಕದಲ್ಲಿ ಬದುಕುವುದೆಂದರೆ ಆನೆಯ ಪಕ್ಕ ಮಲಗಿದ ಹಾಗೆ, ಅದು ಎಷ್ಟೇ ಸಾಧುವಾಗಿದ್ದರೂ ಮಿಸುಕಾಡಿದರೆ ನಮಗೆ ತಟ್ಟುತ್ತದೆ ಅಂದಿದ್ದರು.

1988ಕ್ಕೆ ಪಾತ್ರಗಳೇ ಅದಲುಬದಲಾದವು. ಮುಕ್ತ ವ್ಯಾಪಾರ ಒಪ್ಪಂದ ತಂದವರು ಕನ್ಸರ್ವೇಟಿವ್ ಪ್ರಧಾನಿ ಬ್ರಯನ್ ಮಲ್ರೋನಿ. ದೇಶ ಮಾರುತ್ತಿದ್ದೀರಿ ಅಂತ ಟಿವಿ ಚರ್ಚೆಯಲ್ಲಿ ಅವರ ಮೇಲೆ ಹರಿಹಾಯ್ದವರು ಲಿಬರಲ್ ಪಕ್ಷದ ಜಾನ್ ಟರ್ನರ್. ಭೂಪಟದಲ್ಲಿ ಗಡಿರೇಖೆಯನ್ನು ರಬ್ಬರಿನಿಂದ ಅಳಿಸುವ ಲಿಬರಲ್ಲರ ಜಾಹೀರಾತು ಮನೆಮಾತಾಯಿತು. ಆದರೂ ಮಲ್ರೋನಿ ಗೆದ್ದರು. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯ ಕೂಡ ಅವರ ಕೈ ಹಿಡಿಯಿತು. ಭಾಷೆಯೇ ಬೇರೆ ಇದ್ದವರಿಗೆ ಅಮೆರಿಕದಲ್ಲಿ ಕರಗಿಹೋಗುವ ಅಂಜಿಕೆ ಅಷ್ಟಿರಲಿಲ್ಲ.

ನಡುವೆ ಪ್ರೀತಿಯೂ ಇತ್ತು, ಅಲ್ವಾ? 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್ ಎಂಬ ಪುಟ್ಟ ಊರಿನಲ್ಲಿ 38 ವಿಮಾನಗಳು ಇಳಿದವು. ಆರೂವರೆ ಸಾವಿರಕ್ಕೂ ಜಾಸ್ತಿ ಜನರಿಗೆ ಆ ಊರು, ಅಕ್ಕಪಕ್ಕದ ಹಳ್ಳಿಗಳು ಊಟ ಹಾಕಿ ಮಲಗಲು ಜಾಗ ಕೊಟ್ಟವು. ಎರಡು ವರ್ಷ ಕಳೆಯುವ ಮುಂಚೆಯೇ, 2003ರ ಮಾರ್ಚ್ 17ರಂದು, ಪ್ರಧಾನಿ ಜಾನ್ ಕ್ರೆಟ್ಯೆನ್ ಇರಾಕ್ ಯುದ್ಧಕ್ಕೆ ನಾವು ಬರುವುದಿಲ್ಲ ಅಂತ ಸಂಸತ್ತಿನಲ್ಲಿ ಹೇಳಿದರು. ಈ ಎರಡೂ ಘಟನೆ ಒಂದೇ ಜನರವು. ಅಮೆರಿಕದವರು ಕಷ್ಟದಲ್ಲಿದ್ದಾಗ ಬಾಗಿಲು ತೆರೆಯುವುದು, ಅಮೆರಿಕ ಸರ್ಕಾರ ಹೇಳಿದ್ದಕ್ಕೆಲ್ಲ ತಲೆಯಾಡಿಸದಿರುವುದು ಅವರಿಗೆ ವಿರುದ್ಧವಾಗಿ ಕಂಡಿಲ್ಲ.

ಈ ಸಲದ ಬಿರುಕು ಆಳವಾಗಿದೆ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. 1911ರಲ್ಲಿ ಬಾವುಟದ ಮಾತಾಡಿದವರು ಸಂಸತ್ತಿನ ಒಬ್ಬ ಸದಸ್ಯ, ಅದನ್ನು ಅಧ್ಯಕ್ಷರೇ ಅಲ್ಲಗಳೆದರು. 2025ರಲ್ಲಿ ಆ ಮಾತು ಅಧ್ಯಕ್ಷರ ಬಾಯಿಂದಲೇ ಬಂತು, ಅದೂ ಪದೇ ಪದೇ. ಐಸ್ ಹಾಕಿ ಮೈದಾನಗಳಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಜನ ಕೂಗಿ ಅಡ್ಡಿ ಮಾಡಿದರು. ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲೂ ಹಾಗೇ ಆಯಿತು. 1988ರ ಕ್ವಿಬೆಕ್ ನೆನಪಿಸಿಕೊಂಡರೆ ಇದು ಸಣ್ಣ ಬದಲಾವಣೆ ಅಲ್ಲ. ವರ್ಷದ ಆರಂಭದ ಸಮೀಕ್ಷೆಗಳಲ್ಲಿ ಬಹಳ ಮುಂದಿದ್ದ ಕನ್ಸರ್ವೇಟಿವ್ ಪಕ್ಷ ಏಪ್ರಿಲ್ 28ರ ಚುನಾವಣೆಯಲ್ಲಿ ಮಾರ್ಕ್ ಕಾರ್ನಿಯ ಲಿಬರಲ್ಲರಿಗೆ ಸೋತಿತು. ಅದರ ನಾಯಕ ಪಿಯರ್ ಪೊಲಿಯೆವ್ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು.

ಗೆದ್ದ ಮೇಲಿನ ಕೆಲಸ ಕಷ್ಟದ್ದು. ಕೆನಡಾದ ರಫ್ತಿನ ಸುಮಾರು ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಅಮೆರಿಕಕ್ಕೇ. ಒಂದು ಪ್ರಾಂತ್ಯದ ವೈನ್ ಇನ್ನೊಂದು ಪ್ರಾಂತ್ಯದಲ್ಲಿ ಮಾರುವುದಕ್ಕೂ ತೊಡಕುಗಳಿದ್ದ ದೇಶ ಅದು. 2025ರ ಜೂನ್‌ನಲ್ಲಿ ಇಂಥ ಒಳಗಿನ ತಡೆಗಳನ್ನು ತೆಗೆಯಲು ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿತು. ಆದರೆ ಬಹುಪಾಲು ನಿಯಮಗಳು ಪ್ರಾಂತ್ಯಗಳ ಕೈಯಲ್ಲಿವೆ, ಒಂದೊಂದು ಪ್ರಾಂತ್ಯವೂ ತನ್ನ ಪಾಲಿನದನ್ನು ತಾನೇ ಸಡಿಲಿಸಬೇಕು. ಅಮೆರಿಕ, ಮೆಕ್ಸಿಕೊ ಜೊತೆಗಿನ ಮೂರು ದೇಶಗಳ ವ್ಯಾಪಾರ ಒಪ್ಪಂದದ ಮರುಪರಿಶೀಲನೆಗೆ ಅದರಲ್ಲೇ ಬರೆದಿರುವ ದಿನ 2026ರ ಜುಲೈ 1.